‘ವೇಗ ಪ್ರಸರಣ’ವೋ ‘ಪ್ರಕ್ಷುಬ್ಧತೆ’ಯೋ?

ಪ್ರಶ್ನೆ: ದೂರದ ಗೆಲಾಕ್ಸಿಗಳ ಬಗೆಗಿನ ಬರಹವೊಂದರಲ್ಲಿ ‘ವೆಲಾಸಿಟಿ ಡಿಸ್ಪರ್ಷನ್’ ಒಮ್ಮೆ ‘ವೇಗ ಪ್ರಸರಣ’ ಆಗಿದೆ, ಎರಡು ಸಾಲು ಬಿಟ್ಟು ‘ಅನಿಲದ ಪ್ರಕ್ಷುಬ್ಧತೆ’ ಆಗಿದೆ. ಎರಡೂ ಒಂದೇನಾ?

ಉತ್ತರ: ಒಂದೇ ಅಲ್ಲ. ಮೊದಲನೆಯದು ಅಳತೆ, ಎರಡನೆಯದು (ಟರ್ಬ್ಯುಲೆನ್ಸ್, ಅನಿಲದ ಅಡ್ಡಾದಿಡ್ಡಿ ಕಲಕು) ಆ ಅಳತೆಯಿಂದ ತೆಗೆಯುವ ತೀರ್ಮಾನ.

‘ಪ್ರಸರಣ’ ಎಂದರೆ ಓದುಗರಿಗೆ ಆಕಾಶವಾಣಿಯೇ ನೆನಪಾಗುವುದು. ಇಲ್ಲಿ ಏನೂ ಪ್ರಸಾರವಾಗುತ್ತಿಲ್ಲ. ಅನಿಲದ ಒಂದಷ್ಟು ಭಾಗ ನಮ್ಮತ್ತ, ಒಂದಷ್ಟು ಆಚೆಗೆ ಚಲಿಸುವುದರಿಂದ ರೋಹಿತರೇಖೆ (ಅನಿಲ ಸೂಸುವ ನಿರ್ದಿಷ್ಟ ಬಣ್ಣದ ಬೆಳಕಿನ ಗೆರೆ) ಅಗಲವಾಗುತ್ತದೆ. ಆ ವೇಗಗಳ ಮಾನಕ ವಿಚಲನೆಯೇ (ಸರಾಸರಿಯಿಂದ ಎಷ್ಟು ಆಚೀಚೆ ಎಂಬ ಲೆಕ್ಕ) ಸಿಗ್ಮಾ. ‘ವೇಗದ ಹರವು’ ಅಂದರೆ ಸಾಕು. ‘ಚದುರಿಕೆ’ ಬೇಡ, ರಾಮನ್ ಪರಿಣಾಮದ ಪಾಠದಲ್ಲೇ ಅದನ್ನು ಬೆಳಕಿಗೆ ಕೊಟ್ಟಾಗಿದೆ.

ಹರವಿನಿಂದ ಪ್ರಕ್ಷುಬ್ಧತೆಗೆ ಹೋಗುವ ದಾರಿ ನೋಡಿ. ಕೆಂಪು ಪಲ್ಲಟ (ವಿಶ್ವ ಹಿಗ್ಗುವುದರಿಂದ ಬೆಳಕಿನ ತರಂಗ ಉದ್ದವಾಗುವ ಪ್ರಮಾಣ) 2.2 ಇರುವ ಗೆಲಾಕ್ಸಿಯ ಹೈಡ್ರೊಜನ್-ಆಲ್ಫಾ ರೇಖೆ 656.3 ನ್ಯಾನೊಮೀಟರಿನಿಂದ 2,100ಕ್ಕೆ, ಅಂದರೆ ಅವಕೆಂಪಿಗೆ, ಹಿಗ್ಗಿರುತ್ತದೆ. ಚಿಲಿಯ ವಿಎಲ್‌ಟಿ ದೂರದರ್ಶಕದ ಸಿನ್‌ಫೋನಿ, ಕೆಮಾಸ್ ಉಪಕರಣಗಳು ಅಳೆದದ್ದು ಇಂಥ ರೇಖೆಗಳನ್ನೇ. ರೋಹಿತ ವಿಭೇದನ (ಹತ್ತಿರದ ತರಂಗಗಳನ್ನು ಬೇರೆ ಮಾಡಿ ತೋರುವ ಸಾಮರ್ಥ್ಯ) 4,000 ಇದ್ದರೆ ಉಪಕರಣವೇ ರೇಖೆಯನ್ನು ಸೆಕೆಂಡಿಗೆ 75 ಕಿ.ಮೀ.ಯಷ್ಟು ಅಗಲಿಸುತ್ತದೆ. ಇದು ಅರ್ಧ ಎತ್ತರದಲ್ಲಿನ ಅಗಲ, 2.355ರಿಂದ ಭಾಗಿಸಿದರೆ ಸಿಗ್ಮಾ 32. ಕಂಡ ಸಿಗ್ಮಾ 60 ಆಗಿದ್ದರೆ ನೇರವಾಗಿ 32 ಕಳೆಯುವಂತಿಲ್ಲ. ವರ್ಗಗಳನ್ನು ಕಳೆದು ವರ್ಗಮೂಲ ತೆಗೆಯಬೇಕು: 51. ಅನಿಲದ ಹತ್ತು ಸಾವಿರ ಕೆಲ್ವಿನ್ ಶಾಖದಿಂದಾಗುವ ಹರವಿನ ಪಾಲು ಸುಮಾರು 9; ಅದನ್ನೂ ಹಾಗೆಯೇ ಕಳೆದರೆ 50.

ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ವಾತಾವರಣ ಬಿಂಬವನ್ನು 0.6 ಆರ್ಕ್‌ಸೆಕೆಂಡಿಗೆ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಭಾಗ) ಹರಡಿದರೆ, ಆ ದೂರದಲ್ಲಿ ಅದು ಸುಮಾರು 16,000 ಜ್ಯೋತಿರ್ವರ್ಷ. ಗೆಲಾಕ್ಸಿ ತಿರುಗುವಾಗ ಹತ್ತಿರ ಬರುವ ಬದಿ, ದೂರ ಸರಿಯುವ ಬದಿ ಎರಡೂ ಒಂದೇ ಚುಕ್ಕಿಯೊಳಗೆ ಸೇರಿ, ಪ್ರಕ್ಷುಬ್ಧತೆ ಇಲ್ಲದೆಯೂ ಕೇಂದ್ರದಲ್ಲಿ ಸಿಗ್ಮಾ ಉಬ್ಬುತ್ತದೆ. ಅದಕ್ಕೇ ತಿರುಗುವಿಕೆಯ ಮಾದರಿ ಕಟ್ಟಿ ಸರಿಪಡಿಸುತ್ತಾರೆ, ಇಲ್ಲವೇ ಗೆಲಾಕ್ಸಿಯ ತಟ್ಟೆಯ ಹೊರ ಅಂಚಿನ ಬೆಲೆಯನ್ನು ನೆಚ್ಚುತ್ತಾರೆ.

ಇಷ್ಟಾದ ಮೇಲೂ ಉಳಿಯುವ ಸೆಕೆಂಡಿಗೆ 50 ಕಿ.ಮೀ. ಅಯಾನೀಕೃತ (ಇಲೆಕ್ಟ್ರಾನ್ ಕಳೆದುಕೊಂಡ) ಅನಿಲದಲ್ಲಿ ಶಬ್ದದ ವೇಗದ ಸುಮಾರು ಐದು ಪಟ್ಟು. ‘ಪ್ರಕ್ಷುಬ್ಧ’ ಎನ್ನಲು ಆಗ ಆಧಾರ ಸಿಕ್ಕಂತೆ. ಸುಮಾರು 3,260 ಜ್ಯೋತಿರ್ವರ್ಷ ದಪ್ಪದ ತಟ್ಟೆಯಲ್ಲಿ ಈ ಕಲಕು ಎರಡು ಕೋಟಿ ವರ್ಷದಲ್ಲಿ ತಣಿಯಬೇಕು. ತಣಿದಿಲ್ಲವೆಂದರೆ ಯಾರೋ ಶಕ್ತಿ ತುಂಬುತ್ತಿದ್ದಾರೆ. ಸೂಪರ್‌ನೋವಾಗಳೋ, ಗುರುತ್ವಕ್ಕೆ ಸಿಕ್ಕಿ ಒಳಜಾರುವ ಅನಿಲವೋ ಎಂಬ ಜಗಳ ಮುಗಿದಿಲ್ಲ.

ಅಂದಹಾಗೆ, ಎರಡೂ ಬದಿಯ ವೇಗಗಳು ಒಂದೇ ಚುಕ್ಕಿಯೊಳಗೆ ಸೇರುವುದಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ‘ಬೀಮ್ ಸ್ಮಿಯರಿಂಗ್’. ಅದಕ್ಕೆ ‘ಮಸುಕು’ ಅಂದರೆ ಬೆಳಕು ಕುಂದಿದಂತೆ ಕೇಳಿಸುತ್ತದೆ. ‘ವೇಗಗಳ ಕಲಬೆರಕೆ’ ಆದೀತೆ? ಇನ್ನೂ ಚಿಕ್ಕದಿದ್ದರೆ ತಿಳಿಸಿ.