ಸಹಾಯ ಬೇಕು: ಬಳಸಿದ ಹಾಯಿದೋಣಿ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದವನು. ಒಬ್ಬರೇ ನಡೆಸಬಹುದಾದ ಸಣ್ಣ ಹಾಯಿದೋಣಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಬೇಕೆಂದಿದ್ದೇನೆ. ಸಾಗಣೆಯೂ ಸೇರಿ 80 ಸಾವಿರ ರೂಪಾಯಿ ದಾಟುವಂತಿಲ್ಲ. ಆನೆಗೊಂದಿಯಲ್ಲಿ ಹರಿಗೋಲು ಕೇಳಿದರೆ ಹತ್ತು ಜನ ದಾರಿ ತೋರಿಸುತ್ತಾರೆ. ಹಾಯಿ ಎಂದರೆ ಮುಖ ನೋಡಿ ನಗುತ್ತಾರೆ.

ಆಪ್ಟಿಮಿಸ್ಟ್ ಎಂಬುದು ಮಕ್ಕಳ ದೋಣಿ, ನನ್ನ ಮೈಗೆ ಆಗದು. ಹಾಗಾಗಿ ಲೇಸರ್ ಎಂಬ ಮಾದರಿಯ ದೋಣಿಯ ಮೇಲೆ ಕಣ್ಣಿಟ್ಟಿದ್ದೇನೆ. ಉದ್ದ 4.23 ಮೀಟರ್, ಒಡಲಿನ ತೂಕ ಸುಮಾರು 60 ಕಿಲೋ, ಹಾಯಿಕಂಬವನ್ನು ಎರಡು ತುಂಡಾಗಿ ಬಿಚ್ಚಬಹುದು. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಹಾಯಿದೋಣಿ ಕ್ಲಬ್ಬಿದೆ. ಅಲ್ಲಿ ಹಳೆಯವನ್ನು ಮಾರುವವರ ಪರಿಚಯ ಯಾರಿಗಾದರೂ ಇದೆಯೇ? ಗೋವಾ, ಚೆನ್ನೈ ಆದರೂ ಸರಿ, ಆದರೆ ಲಾರಿ ಬಾಡಿಗೆಯೇ ದೋಣಿಯ ಬೆಲೆಯನ್ನು ನುಂಗಬಾರದು.

ನೋಡಲು ಹೋದಾಗ ಪರೀಕ್ಷಿಸುವುದು ಹೇಗೆ? ಕಂಬ ನಿಲ್ಲುವ ಗುಳಿಗೆ ನೀರು ತುಂಬಿ ಇಳಿಯುತ್ತದೆಯೇ ನೋಡಬೇಕು, ಫೈಬರ್ ಮೈಯನ್ನು ತಟ್ಟಿ ಮೆತ್ತಗಾದ ಜಾಗ ಹುಡುಕಬೇಕು ಎಂಬಷ್ಟು ಓದಿಕೊಂಡಿದ್ದೇನೆ. ಬಿಸಿಲಿಗೆ ಬಳಲಿದ ಹಾಯಿಯನ್ನು ಗುರುತಿಸುವ ಬಗೆ, ಹೊಸ ಹಾಯಿಯ ಖರ್ಚು ಇವನ್ನು ಅನುಭವಸ್ಥರು ತಿಳಿಸಿ. ಒಡಲು ಗಟ್ಟಿಯಿದ್ದರೆ ಬಣ್ಣ ಕೆಟ್ಟಿರುವುದು ನನಗೆ ಲೆಕ್ಕಕ್ಕಿಲ್ಲ.

ಇನ್ನೊಂದು ಮಾತು: ಮುನಿರಾಬಾದ್ ಬಳಿ ತುಂಗಭದ್ರಾ ಹಿನ್ನೀರಿನಲ್ಲಿ ಇಳಿಸಲು ಅನುಮತಿಯನ್ನು ಯಾವ ಕಚೇರಿಯಲ್ಲಿ ಕೇಳಬೇಕು? ಅದು ತಿಳಿಯದೆ ಹಣ ಕೊಡುವುದಿಲ್ಲ. ಫೋಟೊ ಕಳುಹಿಸಿ ಮುಂಗಡ ಕೇಳುವ ದಲ್ಲಾಳಿಗಳ ನಂಬರ್ ಮಾತ್ರ ದಯವಿಟ್ಟು ಬೇಡ.