ಹೊಗೆ ಹೊರಹೋಗುವ ಸೌದೆ ಒಲೆ: ಅಂಗಡಿಯವರನ್ನು ಏನೇನು ಕೇಳಿ ಕೊಳ್ಳಬೇಕು?

ಹೊಸನಗರದವ (ಪ್ರಶ್ನೆ)

ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಹಂಚಿನ ಮನೆ. ಗ್ಯಾಸ್ ಇದ್ದರೂ ಅದು ಬೆಳಗಿನ ಕಾಫಿಗೆ ಮತ್ತು ನೆಂಟರು ಬಂದಾಗಿನ ಅವಸರಕ್ಕೆ ಮಾತ್ರ. ತೋಟದ ಸೋಗೆ, ಕರಟ, ಅಕೇಶಿಯಾ ಕೊಂಬೆಗಳು ಹೇರಳವಾಗಿ ಸಿಗುವುದರಿಂದ ಅನ್ನ, ಸಾರು, ದನಗಳ ಅಕ್ಕಚ್ಚು ಎಲ್ಲವೂ ಮಣ್ಣಿನ ಒಲೆಯ ಮೇಲೆಯೇ ಆಗುತ್ತವೆ. ಅಮ್ಮನ ಕೆಮ್ಮು ಕಡಿಮೆಯಾಗುತ್ತಿಲ್ಲವಾದ್ದರಿಂದ ಈ ಮಳೆಗಾಲಕ್ಕೆ ಮೊದಲು ಒಲೆ ಬದಲಾಯಿಸಲೇಬೇಕೆಂದು ನಿರ್ಧರಿಸಿದ್ದೇನೆ.

ಪೇಟೆಯಲ್ಲಿ ವಿಚಾರಿಸಿದಾಗ ಒಂದು ಅಂಗಡಿಯವರು ಫ್ಯಾನ್ ಇರುವ ಸ್ಟೀಲ್ ಒಲೆಯನ್ನು ತೋರಿಸಿ, ಸೌದೆ ಶೇ 80ರಷ್ಟು ಉಳಿಯುತ್ತದೆ ಎಂದರು. ಉರಿಸಿ ತೋರಿಸಿ ಎಂದದ್ದಕ್ಕೆ, ಡಬ್ಬ ಒಡೆದರೆ ಕೊಳ್ಳಲೇಬೇಕು ಎಂಬ ಉತ್ತರ ಬಂತು. ಇನ್ನೊಂದೆಡೆ ವೆಲ್ಡಿಂಗ್ ಶಾಪಿನವರೊಬ್ಬರು ಚಿಮಣಿಸಹಿತ ಎರಡು ಪಾತ್ರೆಯ ಒಲೆಯನ್ನು ಮಾಡಿಕೊಡುತ್ತೇನೆಂದು ಕಿಲೋ ಲೆಕ್ಕದಲ್ಲಿ ದರ ಹೇಳಿದರು. ಆದರೆ ಯಾವ ತಗಡು, ಎಷ್ಟು ದಪ್ಪ ಎಂಬುದನ್ನು ಬರೆದುಕೊಡಲು ಸಿದ್ಧರಿಲ್ಲ. ಇವೆರಡರಲ್ಲಿ ಯಾವುದು ಸೂಕ್ತ, ಮತ್ತು ಇವರೊಡನೆ ಹೇಗೆ ವ್ಯವಹರಿಸಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಕುಣಿಗಲ್ ಮೇಷ್ಟ್ರು

ಮೊದಲು ಆ ಶೇ 80ರ ಮಾತನ್ನು ತೂಗಿ ನೋಡೋಣ. ಸಾಗಿಸಬಹುದಾದ ಸೌದೆ ಒಲೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 13152 ಎಂಬ ಮಾನದಂಡವಿದೆ. ಅದರ 2013ರ ಆವೃತ್ತಿಯ ಪ್ರಕಾರ ಫ್ಯಾನ್ ಇಲ್ಲದ ಒಲೆಯ ಉಷ್ಣದಕ್ಷತೆ (ಸೌದೆಯ ಶಾಖದಲ್ಲಿ ಪಾತ್ರೆಗೆ ಸೇರುವ ಪಾಲು) ಕನಿಷ್ಠ ಶೇ 25, ಫ್ಯಾನ್ ಇರುವುದರದ್ದು ಕನಿಷ್ಠ ಶೇ 35 ಇರಬೇಕು. ನಿಮ್ಮ ಹಳೆಯ ಒಲೆಯ ದಕ್ಷತೆ ಶೇ 10 ಎಂದೇ ಇಟ್ಟುಕೊಂಡರೂ, ಹೊಸದು ಶೇ 35 ಮುಟ್ಟಿದಾಗ ಉಳಿಯುವ ಸೌದೆ ಶೇ 70ರ ಆಸುಪಾಸು. ಶೇ 80 ಉಳಿಯಬೇಕಾದರೆ ದಕ್ಷತೆ ಶೇ 50 ಇರಬೇಕಾಗುತ್ತದೆ. ಪರೀಕ್ಷಾ ವರದಿಯ ಪ್ರತಿಯನ್ನು ಕೇಳಿ. ಅದನ್ನು ತೋರಿಸದ ವ್ಯಾಪಾರಿಯ ಉಳಿದ ಮಾತುಗಳನ್ನೂ ಅದೇ ತಕ್ಕಡಿಯಲ್ಲಿಡಬಹುದು.

ನಿಮ್ಮ ಮನೆಯ ತೊಂದರೆ ಹೊಗೆಯದ್ದೇ ಹೊರತು ಸೌದೆಯ ಖರ್ಚಿನದ್ದಲ್ಲ. ಫ್ಯಾನ್ ಒಲೆ ಚೆನ್ನಾಗಿ ಉರಿದಾಗ ಹೊಗೆ ಕಡಿಮೆಯಾಗುವುದು ನಿಜ. ಆದರೆ ಸಾಮಾನ್ಯವಾಗಿ ಅದಕ್ಕೆ ಚಿಮಣಿ ಇರುವುದಿಲ್ಲ, ಸೌದೆಯನ್ನು ಸಣ್ಣಗೆ ಸೀಳಿ ಹಾಕಬೇಕಾಗುತ್ತದೆ, ಬ್ಯಾಟರಿ ಕೈಕೊಟ್ಟರೆ ಕೆಲಸ ನಿಲ್ಲುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತನ್ನು ನಂಬಿ ಒಲೆ ಕೊಳ್ಳುವುದು ನನಗಂತೂ ಸರಿಕಾಣುವುದಿಲ್ಲ.

ಚಿಮಣಿ ಇರುವ ಒಲೆಗೆ ನಮ್ಮ ರಾಜ್ಯದಲ್ಲಿಯೇ ಒಳ್ಳೆಯ ಮಾದರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆಗಳು ಒಂದರ ಹಿಂದೊಂದು ಕೂರುತ್ತವೆ. ಬೆಂಕಿ ಮೊದಲನೆಯದರ ಕೆಳಗೆ ಉರಿದು, ಬಿಸಿ ಗಾಳಿ ಉಳಿದೆರಡನ್ನೂ ತಾಗಿ ಚಿಮಣಿ ಸೇರುತ್ತದೆ. ಆ ಕೇಂದ್ರದವರು ನಮ್ಮ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೆಲಸ ಮಾಡುತ್ತಿದ್ದುದರಿಂದ ಈ ಒಲೆ ನಮ್ಮ ಕಡೆಯವರಿಗೆ ಹೊಸದಲ್ಲ. ಇದು ಕಟ್ಟುವ ಒಲೆ, ಡಬ್ಬದಲ್ಲಿ ಬರುವುದಲ್ಲ. ಬೂದಿ ಉದುರುವ ಬೀಡುಕಬ್ಬಿಣದ ಜಾಲರಿ ಮತ್ತು ಕೊಳವೆಯನ್ನು ಮಾತ್ರ ಕೊಂಡು, ಅಳತೆ ಬಲ್ಲ ಗಾರೆಯವರಿಂದ ಕಟ್ಟಿಸಬೇಕು. ಅಳತೆ ಅಂದಾಜಿನದ್ದಾದರೆ ಇದೂ ಹೊಗೆ ಕಕ್ಕುತ್ತದೆ.

ತೀರ್ಥಹಳ್ಳಿ ಗೃಹಿಣಿ

ಅಂಗಡಿಗೆ ಹೋಗುವಾಗ ನಿಮ್ಮ ಅಮ್ಮನವರನ್ನು ಕರೆದುಕೊಂಡು ಹೋಗಿ, ಅನ್ನದ ಚರಿಗೆಯನ್ನೂ ಒಯ್ಯಿರಿ. ಒಲೆ ನೋಡಲು ಗಂಡಸರೇ ಹೋಗುತ್ತಾರೆ, ತಂದ ಮೇಲೆ ಚರಿಗೆಯ ದುಂಡು ತಳ ಅದರ ಮೇಲೆ ನಿಲ್ಲದೆ ಅದು ಕೊಟ್ಟಿಗೆ ಸೇರುತ್ತದೆ. ನಮ್ಮೂರಿನ ಎಷ್ಟೋ ಮನೆಗಳ ಕಥೆ ಇದು. ಸೌದೆ ತುರುಕುವ ಬಾಯಿ ಎಷ್ಟು ಅಗಲವಿದೆ, ಕುಳಿತು ಅಡುಗೆ ಮಾಡುವವರಿಗೆ ಎತ್ತರ ಸರಿಹೊಂದುತ್ತದೆಯೇ, ಕೊಟ್ಟಿಗೆಯ ದೊಡ್ಡ ಹಂಡೆಯ ಭಾರವನ್ನು ಅದು ತಡೆಯುತ್ತದೆಯೇ ಎಂಬುದನ್ನು ಅಡುಗೆ ಮಾಡುವವರೇ ನೋಡಬೇಕು.

ಮತ್ತೊಂದು ವಿಷಯವನ್ನು ಮಾರುವವರು ಯಾರೂ ಹೇಳುವುದಿಲ್ಲ. ಹೊಗೆಯೆಲ್ಲ ಚಿಮಣಿಯಲ್ಲಿ ಹೋದರೆ ಅಟ್ಟಕ್ಕೆ ಹೊಗೆ ತಾಗುವುದಿಲ್ಲ. ಕೊಬ್ಬರಿ, ಮಳೆಗಾಲದ ಹಸಿ ಸೌದೆ ಎಲ್ಲವೂ ಅಲ್ಲೇ ಒಣಗುತ್ತಿದ್ದವು. ಪಕಾಸು, ರೀಪುಗಳಿಗೆ ಕುಟ್ಟೆ ಹಿಡಿಯದಂತೆ ಕಾಯುತ್ತಿದ್ದುದೂ ಅದೇ ಹೊಗೆ. ಆದ್ದರಿಂದ ಒಲೆ ಬದಲಾಯಿಸುವಾಗಲೇ ಸೌದೆಗೆ ಬೇರೆ ಗಾಳಿಯಾಡುವ ಜಾಗ ಮಾಡಿ, ಮಾಡಿನ ಮರಕ್ಕೆ ಔಷಧಿ ಬಳಿಸಿಕೊಳ್ಳಿ. ಹಾಗೆಂದು ಹೊಗೆಯಲ್ಲಿಯೇ ಇರಿ ಎಂದು ನಾನು ಹೇಳುತ್ತಿಲ್ಲ; ಕೆಮ್ಮಿಗಿಂತ ರೀಪು ದೊಡ್ಡದಲ್ಲ.

ಶಿರಸಿ ಕಬ್ಬಿಣ ಕೆಲಸ

ನಾನು ಫ್ಯಾಬ್ರಿಕೇಶನ್ ಕೆಲಸದವನೇ ಆದ್ದರಿಂದ ಕಿಲೋ ದರದ ಬಗ್ಗೆ ಹೇಳುತ್ತೇನೆ. ಆ ಲೆಕ್ಕದಲ್ಲಿ ತಪ್ಪಿಲ್ಲ, ದಪ್ಪವನ್ನು ಬರೆದುಕೊಡದಿರುವುದು ತಪ್ಪು. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳುವಾಗುತ್ತದೆ: 16 ಗೇಜ್ ಎಂದರೆ ಸುಮಾರು 1.6 ಮಿಲಿಮೀಟರ್, 20 ಗೇಜ್ ಎಂದರೆ ಸುಮಾರು 0.9. ಬೆಂಕಿ ನೇರವಾಗಿ ತಾಗುವ ಜಾಗದಲ್ಲಿ ತೆಳು ತಗಡು ಬೇಗನೆ ಸುಟ್ಟು ಸೊಟ್ಟಗಾಗುತ್ತದೆ. ಅಲ್ಲಿ ದಪ್ಪ ತಗಡು, ಸಾಧ್ಯವಾದರೆ ಒಳಗೆ ಬೆಂಕಿ ಇಟ್ಟಿಗೆಯ ಒಳಪದರ ಇರಬೇಕು. ಸ್ಟೇನ್‌ಲೆಸ್ ಎಂದರೆ 304 ಗ್ರೇಡೋ 202 ಗ್ರೇಡೋ ಎಂದು ಕೇಳಿ. 202 ಅಗ್ಗ, ತುಕ್ಕಿಗೆ ತಡೆಯೂ ಕಡಿಮೆ. ಜಾಲರಿಯನ್ನು ಬೆಸುಗೆ ಹಾಕದೆ ಬಿಡಿಯಾಗಿ ಕೂರಿಸಲು ಹೇಳಿ, ಮೊದಲು ಸವೆಯುವುದು ಅದೇ.

ಕೊಳವೆಯ ವಿಷಯದಲ್ಲಿ ಹಣ ಉಳಿಸಲು ಹೋಗಬೇಡಿ. ಅದು ಮಾಡಿನ ನೆತ್ತಿಗಿಂತ ಮೇಲೆ ಹೋಗಬೇಕು, ತಿರುವು ಅನಿವಾರ್ಯವಾದರೆ 90 ಡಿಗ್ರಿಯದ್ದರ ಬದಲು 45 ಡಿಗ್ರಿಯದ್ದಿರಬೇಕು, ಬುಡದಲ್ಲಿ ಮಸಿ ತೆಗೆಯಲು ಬಿಚ್ಚಬಹುದಾದ ಮುಚ್ಚಳ ಇರಲೇಬೇಕು. ಹಸಿ ಸೌದೆ ಉರಿಸಿದರೆ ಕೊಳವೆಯೊಳಗೆ ಡಾಂಬರಿನಂಥ ಅಂಟು ಕಟ್ಟುತ್ತದೆ. ಅದಕ್ಕೆ ಕಿಡಿ ಹತ್ತಿದರೆ ಮಾಡಿಗೇ ಅಪಾಯ. ಆದ್ದರಿಂದ ಕೊಳವೆ ಪಕಾಸಿಗೆ ತಾಗದಂತೆ ಸುತ್ತಲೂ ಅಂತರ ಬಿಡಿಸಿ.

ಹೊಸನಗರದವ

ಎಲ್ಲರಿಗೂ ಧನ್ಯವಾದಗಳು. ಫ್ಯಾನ್ ಒಲೆಯ ಆಲೋಚನೆಯನ್ನು ಕೈಬಿಟ್ಟಿದ್ದೇನೆ. ವೆಲ್ಡಿಂಗ್ ಶಾಪಿನವರು ಈಗ ತಗಡಿನ ದಪ್ಪವನ್ನು ಬರೆದುಕೊಡಲು ಒಪ್ಪಿದ್ದಾರೆ, ಆದರೆ ಅರ್ಧ ಹಣ ಮುಂಗಡ ಕೇಳುತ್ತಿದ್ದಾರೆ. ಒಲೆ ಸರಿಯಾಗಿದೆಯೇ ಎಂದು ಕೊಳ್ಳುವ ಮೊದಲು ಪರೀಕ್ಷಿಸುವ ಸುಲಭ ದಾರಿ ಇದೆಯೇ?

ಕುಣಿಗಲ್ ಮೇಷ್ಟ್ರು

ಇದೆ. ಒಣ ಸೌದೆಯನ್ನು ಮನೆಯಿಂದಲೇ ತೂಗಿ ಒಯ್ದು, ಅವರ ಶಾಪಿನಲ್ಲಿ ಮುಚ್ಚಿದ ಪಾತ್ರೆಯಲ್ಲಿ 5 ಲೀಟರ್ ನೀರು ಕುದಿಸಿ, ಮಿಕ್ಕ ಸೌದೆಯನ್ನು ಮತ್ತೆ ತೂಗಿ. ಒಣ ಸೌದೆಯ ಕಿಲೋಗೆ ಸುಮಾರು 16 ಮೆಗಾಜೂಲ್ ಶಾಖ ಎಂದು ಹಿಡಿದರೆ, ಶೇ 25 ದಕ್ಷತೆಯ ಒಲೆಗೆ 400 ಗ್ರಾಂ ಸಾಕು. ತಣ್ಣಗಿರುವ ಒಲೆ ತಾನೂ ಬಿಸಿಯಾಗಬೇಕಾದ್ದರಿಂದ ಅರ್ಧ ಕಿಲೋ ದಾಟಿದರೂ ಒಪ್ಪಬಹುದು. ಒಂದು ಕಿಲೋ ಬೇಕಾಯಿತೆಂದರೆ ಅದು ಬೇಡ. ಈ ಪರೀಕ್ಷೆಗೆ ಒಪ್ಪದವರಿಗೆ ಮುಂಗಡ ಕೊಡಬೇಡಿ.

ಶಿರಸಿ ಕಬ್ಬಿಣ ಕೆಲಸ

ಅರ್ಧ ಮುಂಗಡ ನಮ್ಮ ಕೆಲಸದಲ್ಲಿ ರೂಢಿಯೇ, ತಗಡು ತರಲು ಅದು ಬೇಕು. ಕೊಟ್ಟ ಹಣಕ್ಕೆ ರಸೀದಿ ಪಡೆದು, ಅದರಲ್ಲಿಯೇ ದಪ್ಪ, ಗ್ರೇಡ್ ಮತ್ತು ಕೊಳವೆಯ ಉದ್ದವನ್ನು ಬರೆಸಿಕೊಳ್ಳಿ. ಉಳಿದ ಹಣದಲ್ಲಿ ಸ್ವಲ್ಪ ಭಾಗವನ್ನು ಮೊದಲ ದೊಡ್ಡ ಮಳೆ ಬೀಳುವವರೆಗೆ ಕೊಡುವುದಿಲ್ಲವೆಂದು ಮೊದಲೇ ಹೇಳಿಬಿಡಿ. ಹಂಚಿನ ಸಂದಿಯಲ್ಲಿ ಕೊಳವೆಯ ಸುತ್ತ ನೀರು ಇಳಿಯುವುದು ಗೊತ್ತಾಗುವುದೇ ಆಗ, ಮತ್ತು ಹಣ ಬಾಕಿ ಇದ್ದರೆ ಮಾತ್ರ ನಮ್ಮವರು ಅದನ್ನು ಸರಿಪಡಿಸಲು ಏಣಿ ಹತ್ತುತ್ತಾರೆ.