ಸಕ್ಕರೆ ಹತೋಟಿಗೆ ಬಂದಿದೆ, ಬಿ.ಪಿ. ಮಾತ್ರೆ ಬಿಡಬಹುದೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ತಂದೆಯವರಿಗೆ 61 ವರ್ಷ, ದಾವಣಗೆರೆಯಲ್ಲಿದ್ದಾರೆ. ಸಕ್ಕರೆ ಕಾಯಿಲೆ ಶುರುವಾಗಿ ಒಂಬತ್ತು ವರ್ಷವಾಯಿತು. ಅನ್ನ ಕಡಿಮೆ ಮಾಡಿ, ದಿನವೂ ನಡೆದು ಎಚ್‌ಬಿಎ1ಸಿಯನ್ನು (ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 6.8ಕ್ಕೆ ಇಳಿಸಿಕೊಂಡಿದ್ದಾರೆ. ಆ ಖುಷಿಯಲ್ಲಿ ಬಿ.ಪಿ. ಮಾತ್ರೆಯನ್ನೂ ಕೊಲೆಸ್ಟರಾಲ್ ಮಾತ್ರೆಯನ್ನೂ ತಾವೇ ನಿಲ್ಲಿಸಿಬಿಟ್ಟಿದ್ದಾರೆ. ಮೊನ್ನೆ ನೋಡಿಸಿದಾಗ ಬಿ.ಪಿ. 152/90, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 138. ಸಕ್ಕರೆ ಸರಿಯಿದ್ದರೆ ಸಾಕಲ್ಲವೇ?

ಉತ್ತರ: ಸಾಲದು. ಈ ವಾರವೇ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. 6.8ಕ್ಕೆ ಇಳಿಸಿದ್ದು ದೊಡ್ಡ ಸಾಧನೆ, ಅದನ್ನು ಅವರಿಗೆ ಮೊದಲು ಹೇಳಿ. ಆದರೆ ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು. ವರ್ಷಗಟ್ಟಲೆ ಏರಿದ್ದ ಸಕ್ಕರೆ ರಕ್ತನಾಳದ ಒಳಪದರವನ್ನು ಕೆಡಿಸಿರುತ್ತದೆ. ಕೆಟ್ಟ ಜಾಗದಲ್ಲಿ ಎಲ್‌ಡಿಎಲ್ ಕೊಬ್ಬು ಸೇರಿಕೊಳ್ಳುತ್ತದೆ, ಬಿ.ಪಿ. ಅದರ ಮೇಲೆ ಹಗಲಿರುಳು ಒತ್ತುತ್ತದೆ. ಒಂದು ದಿನ ಅದು ಬಿರಿದು ರಕ್ತ ಹೆಪ್ಪುಗಟ್ಟಿದರೆ, ಹೃದಯದ ನಾಳದಲ್ಲಾದರೆ ಹೃದಯಾಘಾತ, ಮೆದುಳಿನದ್ದಾದರೆ ಪಾರ್ಶ್ವವಾಯು.

ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆಯವರನ್ನು ವರ್ಷಗಳ ಕಾಲ ಗಮನಿಸಿದ ಯುಕೆಪಿಡಿಎಸ್ ಅಧ್ಯಯನದ ಫಲಿತಾಂಶ 1998ರಲ್ಲಿ ಬಂತು. ಒಂದು ಗುಂಪಿನ ಬಿ.ಪಿ. ಸರಾಸರಿ 154/87, ಇನ್ನೊಂದರದ್ದು 144/82. ಇಷ್ಟೇ ಅಂತರಕ್ಕೆ ಪಾರ್ಶ್ವವಾಯು ಶೇ. 44ರಷ್ಟು ಕಡಿಮೆಯಾಯಿತು! ಬರೀ ಸಕ್ಕರೆಯನ್ನು ಬಿಗಿಹಿಡಿದಾಗ ಅದೇ ಅಧ್ಯಯನದಲ್ಲಿ ಕಣ್ಣು, ಮೂತ್ರಪಿಂಡಗಳಿಗೆ ಲಾಭವಾಯಿತೇ ಹೊರತು ಪಾರ್ಶ್ವವಾಯು ಇಳಿಯಲಿಲ್ಲ. ನಿಮ್ಮ ತಂದೆಯವರ ಬಿ.ಪಿ. ಈಗ ಮೊದಲ ಗುಂಪಿನವರಷ್ಟೇ ಇದೆ. ಅದು 130/80ಕ್ಕಿಂತ ಕೆಳಗೆ, ಎಲ್‌ಡಿಎಲ್ 70ಕ್ಕಿಂತ ಕೆಳಗೆ ಬರಬೇಕು. ಮಾತ್ರೆಯಿಂದ ಸರಿಯಾಗಿದ್ದ ಬಿ.ಪಿ. ಮಾತ್ರೆ ಬಿಟ್ಟರೆ ಮತ್ತೆ ಏರುತ್ತದೆ. ಬೀಡಿ, ಸಿಗರೇಟಿನ ಅಭ್ಯಾಸವಿದ್ದರೆ ಅದನ್ನು ಇಂದೇ ಬಿಡಿಸಿ.

ಅದೇ ಸದಸ್ಯರು: ಕೊಲೆಸ್ಟರಾಲ್ ಮಾತ್ರೆಯಿಂದಲೇ ಸಕ್ಕರೆ ಏರುತ್ತದೆ ಎಂದು ಯಾರೋ ಹೇಳಿದರಂತೆ. ಅಪ್ಪ ಬಿಟ್ಟಿದ್ದು ಅದಕ್ಕೇ.

ಉತ್ತರ: ಸ್ಟ್ಯಾಟಿನ್ ಎಂಬ ಈ ಕೊಲೆಸ್ಟರಾಲ್ ಮಾತ್ರೆಯಿಂದ ಸಕ್ಕರೆ ಸ್ವಲ್ಪ ಏರಬಹುದು, ಅದು ನಿಜ. ಆದರೆ ಲಾಭ ನೋಡಿ. 2004ರಲ್ಲಿ ಪ್ರಕಟವಾದ ಕಾರ್ಡ್ಸ್ ಅಧ್ಯಯನದಲ್ಲಿ, ಅದುವರೆಗೆ ಹೃದ್ರೋಗವಿರದಿದ್ದ ಸಕ್ಕರೆ ಕಾಯಿಲೆಯವರಿಗೆ ದಿನಕ್ಕೆ 10 ಮಿಲಿಗ್ರಾಂ ಅಟೋರ್ವಾಸ್ಟ್ಯಾಟಿನ್ ಕೊಟ್ಟಾಗ ಪಾರ್ಶ್ವವಾಯು ಶೇ. 48ರಷ್ಟು ತಗ್ಗಿತು. ಅಷ್ಟು ಲಾಭವನ್ನು ಈ ಚೂರು ಏರಿಕೆಗಾಗಿ ಬಿಟ್ಟುಕೊಡುವುದು ನನಗಂತೂ ಸರಿ ಎನಿಸದು. ಮೈಕೈ ನೋವು ಬಂದರೆ ವೈದ್ಯರಿಗೆ ತಿಳಿಸಲಿ, ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ.

ಇನ್ನೊಬ್ಬ ಸದಸ್ಯರು: ಡಾಕ್ಟರೇ, ನಮ್ಮ ಅಮ್ಮನಿಗೂ ಸಕ್ಕರೆ ಕಾಯಿಲೆ. ಎದೆನೋವಿಲ್ಲ, ಆದರೆ ನಿನ್ನೆಯಿಂದ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ತಣ್ಣನೆಯ ಬೆವರು. ಗ್ಯಾಸ್ ಇರಬಹುದೇ?

ಉತ್ತರ: ಇದನ್ನು ಓದಿದ ಕೂಡಲೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ. ಸೋಡಾ ಕುಡಿಸಿ ಕಾಯಬೇಡಿ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ನರಗಳು ದುರ್ಬಲವಾಗಿ, ಹೃದಯಾಘಾತವಾದರೂ ನೋವು ತಿಳಿಯದೆ ಹೋಗಬಹುದು. ಏದುಸಿರು, ಬೆವರು, ವಾಕರಿಕೆ, ದವಡೆ ನೋವು, ಕಾರಣವಿಲ್ಲದ ಸುಸ್ತು ಇಷ್ಟೇ ಅದರ ಲಕ್ಷಣವಾಗಿರಬಹುದು. ನೀವೇ ವಾಹನ ಓಡಿಸುವ ಬದಲು 108ಕ್ಕೆ ಕರೆಮಾಡಿ.

ಅದೇ ಸದಸ್ಯರು: ಹೊರಟಿದ್ದೇವೆ. ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೂ ಹೀಗೆಯೇ ಮಾಡಬೇಕೇ?

ಉತ್ತರ: ಹೌದು. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಲಕ್ಷಣ ಶುರುವಾದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ವಾಹನ ಬರುವಷ್ಟರಲ್ಲಿ ಸಕ್ಕರೆ ನೋಡಿ. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳಿಂದ ಸಕ್ಕರೆ ತೀರಾ ಇಳಿದರೂ ಪಾರ್ಶ್ವವಾಯುವಿನಂತೆಯೇ ಕಾಣುತ್ತದೆ. ಆಗ ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಮಾತ್ರ ಸಕ್ಕರೆ ನೀರು ಕುಡಿಸಿ. ಅಮ್ಮನ ಇಸಿಜಿ ಏನು ಹೇಳಿತೆಂದು ಇಲ್ಲಿ ತಿಳಿಸಿ.